ನಿಂತ ಲಾರಿಯ ಹಿಂಬದಿ: ನಮ್ಮ ಹೆದ್ದಾರಿಗಳಲ್ಲಿ ಜೀವ ಹೋಗುತ್ತಿರುವ ಜಾಗ

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯ ಬದಿಗೆ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಶಿವಮೊಗ್ಗ ಜಿಲ್ಲೆಯ 13 ಮಂದಿ ತೀರಿಕೊಂಡರು. ಅದಕ್ಕೆ ಎಂಟು ತಿಂಗಳು ಮೊದಲು, 2023ರ ಅಕ್ಟೋಬರ್ 26ರ ಬೆಳಗ್ಗೆ, ಚಿಕ್ಕಬಳ್ಳಾಪುರದ ಅಂಚಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಮೇಲೆ ಮಂಜು ಕವಿದಿದ್ದಾಗ ಟಾಟಾ ಸುಮೊ ಒಂದು ನಿಂತ ಟ್ಯಾಂಕರ್‌ಗೆ ಅಪ್ಪಳಿಸಿತು. ಅಲ್ಲೂ 13 ಸಾವು. 2025ರ ನವೆಂಬರ್‌ನಲ್ಲಿ ರಾಜಸ್ಥಾನದ ಫಲೋಡಿಯಲ್ಲಿ ನಿಂತ ಟ್ರೇಲರ್‌ಗೆ ಟೆಂಪೊ ಟ್ರಾವೆಲರ್ ಗುದ್ದಿ 15 ಮಂದಿ ಹೋದಾಗ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು.

ಮೂರೂ ಕಡೆ ಊರು ಬೇರೆ, ನಿಂತ ವಾಹನ ಬೇರೆ. ಆದರೆ ಆದದ್ದು ಒಂದೇ: ನಿಂತ ಭಾರಿ ವಾಹನದ ಹಿಂಬದಿಗೆ ಜನ ತುಂಬಿದ ವಾಹನ ಹೋಗಿ ಹೊಕ್ಕಿತು. ಇಂಥ ಪ್ರತಿ ಅಪಘಾತದ ಮರುದಿನವೂ ‘ಚಾಲಕ ನಿದ್ದೆಗಣ್ಣಿನಲ್ಲಿದ್ದ’, ‘ಅತಿವೇಗವೇ ಕಾರಣ’ ಎಂಬ ಎರಡು ಮಾತು ಅಚ್ಚಾಗುತ್ತವೆ. ಅವು ಸುಳ್ಳಲ್ಲ. ಆದರೆ ಅಲ್ಲಿಗೇ ನಿಂತರೆ, ಇನ್ನೂ ಮೂರು ಪ್ರಶ್ನೆ ಕೇಳದೆ ಉಳಿಯುತ್ತವೆ. ಲಾರಿ ಅಲ್ಲೇ ಏಕೆ ನಿಂತಿತ್ತು? ಅದು ಏಕೆ ಕಾಣಲಿಲ್ಲ? ಗುದ್ದಿದ ಮೇಲಾದರೂ ಒಳಗಿದ್ದವರು ಬದುಕುವ ಹಾಗೆ ಆ ಹಿಂಬದಿ ಏಕೆ ಇರಲಿಲ್ಲ? ನಿದ್ದೆಯನ್ನು ಕಾನೂನಿನಿಂದ ತಡೆಯಲಾಗದು. ಈ ಮೂರನ್ನು ತಡೆಯಬಹುದು. ಅದಕ್ಕೆ ಬೇಕಾದ ನಿಯಮಗಳು ಆಗಲೇ ಪುಸ್ತಕದಲ್ಲಿವೆ, ಖರ್ಚೂ ದೊಡ್ಡದಲ್ಲ.

ಸಮಸ್ಯೆಯ ಗಾತ್ರ ತಿಳಿಯಲು ಒಂದೆರಡು ಅಂಕಿ ಸಾಕು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 61,038 ಮಂದಿ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ಒಟ್ಟು ರಸ್ತೆಯ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು. ಅಪಘಾತಗಳ ಬಗೆಯಲ್ಲಿ ‘ಹಿಂದಿನಿಂದ ಗುದ್ದಿದ್ದು’ ಐದರಲ್ಲೊಂದಕ್ಕಿಂತ ಹೆಚ್ಚು. ಅದೇ ವರ್ಷ ಕರ್ನಾಟಕದಲ್ಲಿ ಸತ್ತವರು 11,702.

ಲಾರಿ ಮತ್ತು ಪ್ರಯಾಣಿಕ ವಾಹನಗಳ ಡಿಕ್ಕಿಯಲ್ಲಿ ಬೇರೆ ಬಗೆಗಳೂ ಇವೆ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಮಹಿಳೆಯರ ಟೆಂಪೊ ಟ್ರಾವೆಲರ್‌ಗೆ ಟಿಪ್ಪರ್ ಎದುರಾಗಿ 11 ಮಂದಿ ಹೋದರು. ಅತ್ತಿತ್ತ ಚತುಷ್ಪಥ ಇದ್ದರೂ ನಡುವಿನ ಸುಮಾರು 32 ಕಿ.ಮೀ. ಬೈಪಾಸ್ ಮಾತ್ರ ಮೀಡಿಯನ್ (ನಡುವಿನ ವಿಭಜಕ) ಇಲ್ಲದ ದ್ವಿಪಥವಾಗಿತ್ತು. ಅದಕ್ಕೆ ಮದ್ದು ರಸ್ತೆ ಅಗಲಿಸುವುದೇ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಮೀಡಿಯನ್ ದಾಟಿ ಬಂದು ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ 6 ಮಂದಿ ಸತ್ತರು. ಅದು ಮೀಡಿಯನ್ನಿನ ತಡೆಗೋಡೆಯ ಪ್ರಶ್ನೆ. ಇಲ್ಲಿ ಹೇಳಹೊರಟಿರುವುದು ನಿಂತ ಲಾರಿಯ ವಿಷಯ ಮಾತ್ರ, ಏಕೆಂದರೆ ಇದಕ್ಕೆ ಹೊಸ ರಸ್ತೆಯೂ ಬೇಡ, ಹೊಸ ಕಾನೂನೂ ಬೇಡ.

ಮುಕ್ಕಾಲು ಸೆಂಟಿಮೀಟರ್

ನಿಂತ ಲಾರಿ ಕಾಣುವುದಿಲ್ಲ ಎನ್ನುವುದಕ್ಕಿಂತ, ಅದು ನಿಂತಿದೆ ಎಂಬುದು ಗೊತ್ತಾಗುವುದಿಲ್ಲ ಎನ್ನುವುದೇ ಹೆಚ್ಚು ಸರಿ. ಲಾರಿಯ ಅಗಲ ಸುಮಾರು 2.5 ಮೀಟರ್. ಕೈ ಚಾಚಿ ಕಣ್ಣಿಂದ 60 ಸೆಂ.ಮೀ. ದೂರದಲ್ಲಿ ಒಂದು ಅಳತೆಪಟ್ಟಿ ಹಿಡಿದಿದ್ದೀರಿ ಎಂದುಕೊಳ್ಳಿ. 200 ಮೀಟರ್ ಆಚೆಯ ಲಾರಿ ಅದರ ಮೇಲೆ ಮುಕ್ಕಾಲು ಸೆಂ.ಮೀ. ಅಗಲ ಕಾಣುತ್ತದೆ. 100 ಮೀಟರಿಗೆ ಬಂದಾಗ ಒಂದೂವರೆ ಸೆಂ.ಮೀ. ಗಂಟೆಗೆ 100 ಕಿ.ಮೀ. ವೇಗದ ಕಾರು ಆ ನೂರು ಮೀಟರನ್ನು 3.6 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಆ ಆಕಾರ ಬೆಳೆದದ್ದು ಮುಕ್ಕಾಲೇ ಸೆಂಟಿಮೀಟರ್. ಮುಂದಿನ ಲಾರಿ 70ರಲ್ಲಿ ಓಡುತ್ತಿದೆಯೋ ನಿಂತೇ ಇದೆಯೋ ಎಂದು ಕಣ್ಣು ಹೇಳಬೇಕಾದದ್ದು ಈ ಅತ್ಯಲ್ಪ ಬೆಳವಣಿಗೆಯಿಂದ. ಅಲ್ಲಿಂದಾಚೆಗೆ ಅದು ಒಮ್ಮೆಲೇ ಉಬ್ಬುತ್ತದೆ: 50 ಮೀಟರಿನಲ್ಲಿ 3 ಸೆಂ.ಮೀ., 25ರಲ್ಲಿ 6. ‘ಇದ್ದಕ್ಕಿದ್ದಂತೆ ಎದುರಿಗೆ ಬಂತು’ ಎಂದು ಬದುಕುಳಿದ ಚಾಲಕರು ಹೇಳುವುದು ನೆಪವಲ್ಲ. ಎಚ್ಚರವಿದ್ದವರಿಗೂ ಹಾಗೇ ಆಗುತ್ತದೆ.

ಇದು ಹಗಲಿನ ಲೆಕ್ಕ. ರಾತ್ರಿ ಆ ಆಕಾರವೂ ಇಲ್ಲ; ಕಾಣುವುದು ಎರಡು ಕೆಂಪು ಚುಕ್ಕೆ, ಅದೂ ದೀಪ ಉರಿಯುತ್ತಿದ್ದರೆ. ಡಿಮ್‌ನಲ್ಲಿರುವ ಹೆಡ್‌ಲೈಟ್ ರಸ್ತೆಯ ಮೇಲಿನ ಕಪ್ಪು ವಸ್ತುವನ್ನು ಸ್ಪಷ್ಟವಾಗಿ ತೋರಿಸುವುದು ಸುಮಾರು 50–60 ಮೀಟರ್ ತನಕ. ರಸ್ತೆಗಳ ಮಾನಕ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ಲೆಕ್ಕದಲ್ಲಿ 100 ಕಿ.ಮೀ. ವೇಗದ ವಾಹನ ಅಡ್ಡಿ ಕಂಡು, ಬ್ರೇಕ್ ತುಳಿದು, ಪೂರ್ತಿ ನಿಲ್ಲಲು 180 ಮೀಟರ್ ಬೇಕು. 80ರ ವೇಗಕ್ಕೆ 120 ಮೀಟರ್. ಒಳ್ಳೆಯ ಟೈರು, ಗಾಲಿ ಜಾರದಂತೆ ಹಿಡಿಯುವ ಎಬಿಎಸ್ ಬ್ರೇಕ್, ಚುರುಕಾದ ಚಾಲಕ, ಒಣ ರಸ್ತೆ ಎಲ್ಲವೂ ಇದ್ದರೂ 60 ಮೀಟರಿನೊಳಗೆ ನಿಲ್ಲಿಸಬಹುದಾದ ವೇಗ 70ರ ಆಸುಪಾಸು. ಅಂದರೆ ಕಾರಿಗೆ 100, ಟೆಂಪೊ ಟ್ರಾವೆಲರ್‌ಗೆ 90 ಎಂದು ಅನುಮತಿಸಿದ ನಮ್ಮ ಚತುಷ್ಪಥಗಳಲ್ಲಿ, ಡಿಮ್ ಲೈಟಿನಲ್ಲಿ ನಿಯಮದ ವೇಗದಲ್ಲೇ ಹೋಗುವವರೂ ತಮಗೆ ಕಾಣುವ ದೂರಕ್ಕಿಂತ ಮುಂದಕ್ಕೆ ಓಡುತ್ತಿರುತ್ತಾರೆ. ಮುಂದೆ ಏನೂ ನಿಂತಿಲ್ಲ ಎಂಬ ನಂಬಿಕೆಯ ಮೇಲೆಯೇ ಇಡೀ ರಾತ್ರಿ ಸಂಚಾರ ನಡೆದಿದೆ.

ಇದಕ್ಕೆ ಇನ್ನೊಂದು ಸೇರುತ್ತದೆ. ನಮ್ಮಲ್ಲಿ ಭಾರಿ ಲಾರಿಗಳು ಬಲಗಡೆಯ ಪಥ ಹಿಡಿದು ಹೋಗುವುದು ರೂಢಿ. ಎಡಪಥದಲ್ಲಿ ಭಾರದಿಂದ ಬಿದ್ದ ಗಾಲಿಗುಳಿ, ಬೈಕು, ಎದುರು ಬರುವ ಟ್ರ್ಯಾಕ್ಟರ್, ನಿಂತ ವಾಹನ ಎಲ್ಲ ಇರುತ್ತವೆ ಎಂಬುದು ಲಾರಿ ಚಾಲಕರ ವಾದ, ಅದರಲ್ಲಿ ಹುರುಳಿದೆ. ಆದರೆ ಪರಿಣಾಮ ಏನು? ಹಿಂದಿನ ಕಾರು ಎಡದಿಂದ ನುಗ್ಗುತ್ತದೆ. ಬಲಕ್ಕೆ ಲಾರಿಯ ಗೋಡೆ, ಮುಂದೆ ಏನಿದೆ ಎಂದು ಕಾಣುವುದಿಲ್ಲ, ವೇಗ ಏರುತ್ತಿದೆ, ಎದುರಿಗೆ ನಿಂತ ಲಾರಿ. ತಪ್ಪಿಸಿಕೊಳ್ಳಲು ಎರಡೂ ಕಡೆ ಜಾಗವಿಲ್ಲ. ಇನ್ನೊಂದು ರೂಪವೂ ಇದೆ: ಕಾರು ಲಾರಿಯೊಂದರ ಬಾಲ ಹಿಡಿದು ಹೋಗುತ್ತಿರುತ್ತದೆ, ಆ ಲಾರಿ ನಿಂತ ವಾಹನ ಕಂಡು ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತದೆ, ಹಿಂದಿನವನಿಗೆ ಅದು ಆಗಷ್ಟೇ ಕಾಣುತ್ತದೆ. ಹೊಸ ಕಾರುಗಳ ಸ್ವಯಂಚಾಲಿತ ಬ್ರೇಕ್ ವ್ಯವಸ್ಥೆಯನ್ನು ನಂಬಿ ಇಲ್ಲಿ ಕೂರಬಾರದು. ಹೆಚ್ಚಿನ ವೇಗದಲ್ಲಿ ನಿಂತ ವಸ್ತುವನ್ನು ಗುರುತಿಸದೆ ಹೋಗಬಹುದು ಎಂದು ಆ ಕಾರುಗಳ ಕೈಪಿಡಿಗಳೇ ಎಚ್ಚರಿಸುತ್ತವೆ.

ಲಾರಿ ಪೂರ್ತಿ ಪಕ್ಕಕ್ಕೆ ಬರುವುದಿಲ್ಲ, ಏಕೆ?

‘ಬದಿಗೆ ನಿಲ್ಲಿಸಿದ್ದ’ ಎನ್ನುವ ಲಾರಿ ನಿಜಕ್ಕೂ ಬದಿಯಲ್ಲಿರುವುದಿಲ್ಲ. ನಮ್ಮ ಹಳೆಯ ಚತುಷ್ಪಥಗಳ ಬಹುಭಾಗದಲ್ಲಿ ಎಡಪಥದ ಬಿಳಿ ಗೆರೆಯಾಚೆ ಡಾಂಬರು ಹಾಕಿದ ಅಂಚು 1.5 ಮೀಟರ್. ಎರಡೂವರೆ ಮೀಟರಿನ ಲಾರಿ ಅಂಚಿನ ತುದಿಗೆ ಅಂಟಿಕೊಂಡು ನಿಂತರೂ ಒಂದು ಮೀಟರ್ ಪಥದೊಳಗೇ ಉಳಿಯುತ್ತದೆ. ಅದರಾಚೆಯ ಮಣ್ಣಿನ ಅಂಚು ಮಳೆಗೆ ಕೊಚ್ಚಿ ಗೇಣುದ್ದ ಇಳಿದಿದ್ದರೆ, ಲೋಡ್ ತುಂಬಿದ ಲಾರಿಯ ಚಾಲಕ ಎಡಗಾಲಿ ಇಳಿಸಲು ಹೆದರುತ್ತಾನೆ. ಇಳಿದರೆ ವಾಲುತ್ತದೆ, ಹೂತರೆ ಕ್ರೇನ್ ಬೇಕು. ಹಾಗಾಗಿ ಅಂಚಿನಿಂದ ಇನ್ನೂ ಒಂದಡಿ ಬಿಟ್ಟು ನಿಲ್ಲಿಸುತ್ತಾನೆ. ಒಟ್ಟಿನಲ್ಲಿ ಮೂರೂವರೆ ಮೀಟರಿನ ಪಥದಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಲಾರಿಯದಾಗುತ್ತದೆ.

ನಿಲ್ಲುವ ಕಾರಣಗಳಲ್ಲಿ ಕೆಟ್ಟು ನಿಲ್ಲುವುದು ಒಂದು ಪಾಲು ಮಾತ್ರ: ಟೈರ್ ಸಿಡಿತ, ಕ್ಲಚ್ ಹೋಗುವುದು, ಗಾಳಿ ಸೋರಿ ಬ್ರೇಕ್ ಹಿಡಿದುಕೊಳ್ಳುವುದು. ಉಳಿದದ್ದು ನಿದ್ದೆ, ಊಟ, ಚಹಾ, ತಪಾಸಣೆ. ದೊಡ್ಡ ಊರುಗಳ ಸುತ್ತ ‘ನೋ ಎಂಟ್ರಿ’ ಸಮಯ ಮುಗಿಯಲಿ ಎಂದು ಕಾಯುವುದೂ ಒಂದು. ಬೆಂಗಳೂರಿನೊಳಗೆ ಇಂತಿಷ್ಟು ಹೊತ್ತು ಭಾರಿ ವಾಹನ ಬಿಡುವುದಿಲ್ಲ ಎಂದರೆ, ಆ ಹೊತ್ತಿನಲ್ಲಿ ಅವೆಲ್ಲ ಎಲ್ಲಿ ನಿಲ್ಲಬೇಕು ಎಂಬುದನ್ನೂ ಅದೇ ಆದೇಶ ಹೇಳಬೇಕು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವ ತನಕ ಇದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಚಾಲಕನಿಗೆ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆ ಸತತ ದುಡಿದರೆ ಅರ್ಧ ಗಂಟೆ ವಿರಾಮ ಎನ್ನುತ್ತಿತ್ತು. ಆ ಅರ್ಧ ಗಂಟೆ ಲಾರಿ ನಿಲ್ಲಿಸಲು ಹೆದ್ದಾರಿಯಿಂದ ಪೂರ್ತಿ ಹೊರಗಿನ, ದೀಪವಿರುವ, ಡೀಸೆಲ್ ಮತ್ತು ಲೋಡ್ ಕಳುವಾಗದ ಜಾಗ ಬೇಕು. ಪ್ರತಿ 40–60 ಕಿ.ಮೀ.ಗೊಂದು ವಿಶ್ರಾಂತಿ ತಾಣ ಎಂಬ ಯೋಜನೆ ಹೆದ್ದಾರಿ ಪ್ರಾಧಿಕಾರದ್ದೇ. ಅದು ಆಗದಿರುವ ಕಡೆ ಡಾಬಾದ ಮುಂದಿನ ರಸ್ತೆಯಂಚೇ ವಿಶ್ರಾಂತಿ ತಾಣವಾಗುತ್ತದೆ. ಡಾಬಾ ಮುಚ್ಚಿಸುವುದರಿಂದ ಚಾಲಕನ ಹಸಿವೂ ನಿದ್ದೆಯೂ ಮಾಯವಾಗುವುದಿಲ್ಲ; ಆತ ಇನ್ನೊಂದು ಕಿಲೋಮೀಟರ್ ಮುಂದೆ, ಬೆಳಕೇ ಇಲ್ಲದ ಕಡೆ ನಿಲ್ಲಿಸುತ್ತಾನೆ.

ಕಾರಿನ ಬಲ ಕೆಳಗೆ, ಲಾರಿಯ ಹೊಡೆತ ಮೇಲೆ

25 ಟನ್ ತೂಕದ ನಿಂತ ಲಾರಿಗೆ 1.2 ಟನ್ನಿನ ಕಾರು 100ರ ವೇಗದಲ್ಲಿ ಗುದ್ದಿದರೆ ಲಾರಿ ಗಂಟೆಗೆ 5 ಕಿ.ಮೀ. ವೇಗವನ್ನೂ ಪಡೆಯುವುದಿಲ್ಲ. ಅಂದರೆ ಗೋಡೆಗೆ ಗುದ್ದಿದಂತೆಯೇ. ಆದರೆ ಗೋಡೆಗೆ ಗುದ್ದುವುದೇ ಎಷ್ಟೋ ಮೇಲು. ಗೋಡೆಯಾದರೆ ಕಾರಿನ ಮುಂಭಾಗ ನಜ್ಜುಗುಜ್ಜಾಗಿ ಹೊಡೆತದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಬಂಪರಿನೊಳಗಿನ ಉಕ್ಕಿನ ತೊಲೆ, ಎಂಜಿನ್ನಿನ ಎರಡೂ ಬದಿಯ ಉದ್ದ ತೊಲೆಗಳು ಇರುವುದು ಅದಕ್ಕಾಗಿಯೇ. ಅವು ನೆಲದಿಂದ ಅರ್ಧ ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಲಾರಿಯ ಬಾಡಿಯ ತಳ ಇರುವುದು ಒಂದು ಮೀಟರಿಗೂ ಮೇಲೆ. ನಡುವೆ ಏನೂ ಅಡ್ಡ ಇಲ್ಲದಿದ್ದರೆ ಕಾರಿನ ಬಾನೆಟ್ ಸೀದಾ ಲಾರಿಯಡಿ ಜಾರುತ್ತದೆ. ಬಲವಿರುವ ಭಾಗ ಏನನ್ನೂ ಮುಟ್ಟುವುದೇ ಇಲ್ಲ. ಮೊದಲು ತಾಗುವುದು ಮುಂಗನ್ನಡಿ ಮತ್ತು ಅದರ ಪಕ್ಕದ ಕಂಬಗಳು. ಅದರ ಹಿಂದೆ ಇರುವುದು ಮನುಷ್ಯರ ತಲೆ, ಎದೆ. ಏರ್‌ಬ್ಯಾಗ್ ತೆರೆಯಬೇಕೆಂದು ತಿಳಿಸುವ ಸೆನ್ಸರಿಗೆ ಸರಿಯಾದ ಹೊಡೆತ ಸಿಗುವಷ್ಟರಲ್ಲಿ ತಡವಾಗಿರಬಹುದು. ಕಾರುಗಳ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಐದು ನಕ್ಷತ್ರಗಳು 64 ಕಿ.ಮೀ. ವೇಗದಲ್ಲಿ, ಕಾರಿನ ಮುಂಭಾಗಕ್ಕೆ ಸರಿಯಾಗಿ ತಾಗುವ ತಡೆಗೆ ಗುದ್ದಿಸಿ ಕೊಟ್ಟವು. ಲಾರಿಯಡಿ ನುಗ್ಗುವ ಕಾರಿಗೆ ಆ ನಕ್ಷತ್ರಗಳ ರಕ್ಷೆ ಬಹುಪಾಲು ಒದಗುವುದಿಲ್ಲ.

ಆ ನಡುವಿನ ಖಾಲಿಯನ್ನು ತುಂಬಲೆಂದೇ ಲಾರಿಯ ಹಿಂದೆ ಅಡ್ಡಲಾಗಿ ಒಂದು ತೊಲೆ ಇರಬೇಕು. ಚಾಲಕರು ಅದನ್ನು ಹಿಂದಿನ ಬಂಪರ್ ಅಥವಾ ಗಾರ್ಡ್ ಎನ್ನುತ್ತಾರೆ. ಭಾರತೀಯ ಮಾನಕ 14812 ಅದಕ್ಕೆ ಸಂಬಂಧಿಸಿದ್ದು. ಖಾಲಿ ಲಾರಿಯಲ್ಲಿ ಅಳೆದಾಗ ತೊಲೆಯ ಕೆಳ ಅಂಚು ನೆಲದಿಂದ 550 ಮಿ.ಮೀ. ಮೀರಬಾರದು. ಗೇಣಿನ ಲೆಕ್ಕದಲ್ಲಿ ಎರಡೂವರೆ ಗೇಣು. ಯಾರು ಬೇಕಾದರೂ ಕೈಯಲ್ಲೇ ಅಳೆಯಬಹುದು. ಅಗಲದಲ್ಲಿ ಅದು ಹಿಂಗಾಲಿಗಳ ಹೊರ ಅಂಚಿನಿಂದ ಎರಡೂ ಬದಿ 10 ಸೆಂ.ಮೀ.ಗಿಂತ ಹೆಚ್ಚು ಒಳಸರಿದಿರಬಾರದು.

ಹೆದ್ದಾರಿಯಲ್ಲಿ ಕಾಣುವುದು ಬೇರೆ. ಎಷ್ಟೋ ಲಾರಿಗಳನ್ನು ಬರೀ ಚಾಸಿಯಾಗಿ (ಬಾಡಿ ಇಲ್ಲದ ಚೌಕಟ್ಟಾಗಿ) ಕೊಂಡು ಬಾಡಿಯನ್ನು ಬೇರೆಡೆ ಕಟ್ಟಿಸುತ್ತಾರೆ. ಗಾರ್ಡ್ ಆಗ ಕೊನೆಯ ಕೆಲಸವಾಗಿ, ಉಳಿದ ಆ್ಯಂಗಲ್ ಪಟ್ಟಿಯಲ್ಲಿ ಮುಗಿಯುತ್ತದೆ. ತೊಲೆ ದಪ್ಪವಿದ್ದರೂ ಅದನ್ನು ಚಾಸಿಗೆ ಹಿಡಿದಿಟ್ಟ ಎರಡು ಇಳಿಗಾಲುಗಳು ತೆಳುವಾಗಿದ್ದರೆ, ಬೆಸುಗೆ ಚುಕ್ಕೆಚುಕ್ಕೆಯಾಗಿದ್ದರೆ, ತುಕ್ಕು ಹಿಡಿದಿದ್ದರೆ, ಗುದ್ದಿದಾಗ ಅದು ಬಾಗಿಲಿನಂತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಕಲ್ಲುಕ್ವಾರಿ, ಮರಳು, ಅದಿರಿನ ಟಿಪ್ಪರ್‌ಗಳಲ್ಲಿ ಇಳಿಜಾರಿಗೆ ತಾಗುತ್ತದೆಂದು ಗಾರ್ಡನ್ನೇ ಬಿಚ್ಚಿಡುತ್ತಾರೆ, ಇಲ್ಲವೇ ಮೇಲಕ್ಕೆ ಬಗ್ಗಿಸುತ್ತಾರೆ. ಎಂಟು ಇಂಚು ಮೇಲೆ ಬಗ್ಗಿದ ಗಾರ್ಡ್ ಕಾರಿನ ಮಟ್ಟಿಗೆ ಇಲ್ಲದಂತೆಯೇ.

ಒಂದೂವರೆ ಮೀಟರಿನ ರಸ್ತೆಯಂಚಿನ ವಿಷಯ ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ಲಾರಿ ಅರೆಬರೆ ಪಥದಲ್ಲಿ ನಿಂತಿರುವುದರಿಂದ ಮತ್ತು ಚಾಲಕ ಕೊನೆ ಗಳಿಗೆಯಲ್ಲಿ ಬಲಕ್ಕೆ ಎಳೆಯುವುದರಿಂದ, ಕಾರಿನ ಎಡ ಮೂರನೇ ಒಂದು ಭಾಗವಷ್ಟೇ ಲಾರಿಯ ಬಲ ಹಿಂಮೂಲೆಗೆ ತಾಗುತ್ತದೆ. ಗಾರ್ಡಿನ ಅತ್ಯಂತ ದುರ್ಬಲ ಜಾಗ ಆ ಮೂಲೆಯೇ, ಏಕೆಂದರೆ ಇಳಿಗಾಲುಗಳು ಚಾಸಿಯ ನೇರಕ್ಕೆ, ನಡುವಿನಲ್ಲಿರುತ್ತವೆ; ತುದಿಗಳು ಆಧಾರವಿಲ್ಲದೆ ಚಾಚಿರುತ್ತವೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2013ರಲ್ಲಿ ಎಂಟು ಟ್ರೇಲರ್‌ಗಳ ಗಾರ್ಡುಗಳಿಗೆ 56 ಕಿ.ಮೀ. ವೇಗದಲ್ಲಿ ಕಾರು ಗುದ್ದಿಸಿ ನೋಡಿತು. ನಟ್ಟನಡುವೆ ಪೂರ್ತಿ ತಾಗಿದಾಗ ಎಂಟೂ ತಡೆದವು. ಕಾರಿನ ಅಗಲದಲ್ಲಿ ಶೇ 30 ಮಾತ್ರ ತಾಗುವಂತೆ ಮೂಲೆಗೆ ಗುದ್ದಿಸಿದಾಗ ಏಳು ಸೋತವು. ತುದಿಗಳಿಗೂ ಆಧಾರ ಕೊಟ್ಟು ವಿನ್ಯಾಸ ಬದಲಿಸಿದ ಮೇಲೆ ಅಲ್ಲಿನ ದೊಡ್ಡ ತಯಾರಕರ ಗಾರ್ಡುಗಳು ಇದೇ ಪರೀಕ್ಷೆಯನ್ನು ಗೆದ್ದವು. ನಮ್ಮ ರಸ್ತೆಯಂಚು ಇಷ್ಟು ಕಿರಿದಾಗಿರುವಾಗ ನಮಗೆ ಮುಖ್ಯವಾದದ್ದು ಈ ಮೂಲೆಯ ಪರೀಕ್ಷೆಯೇ. ಕಾರಿನ ಎಡಭಾಗ ಹೊಕ್ಕಾಗ ಹೊಡೆತ ತಿನ್ನುವವರು ಚಾಲಕನ ಪಕ್ಕದ ಸೀಟಿನವರು ಮತ್ತು ಅವರ ಹಿಂದೆ ಕೂತವರು. ಮನೆಯ ಹಿರಿಯರನ್ನೋ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯನ್ನೋ ನಾವು ಕೂರಿಸುವ ಜಾಗ ಅದು.

ಚಾಚಿದ ಕಬ್ಬಿಣದ ಸರಳುಗಳದ್ದು ಇನ್ನೂ ಘೋರ. ಬಾಡಿಯಿಂದ ಹೊರಗೆ ಸರಳು ಚಾಚಿ ಸಾಗಿಸುವುದನ್ನು 2014ರಲ್ಲೇ ನಿಷೇಧಿಸಲಾಗಿದೆ. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಅದು ಸಕ್ರಮವಾಗುವುದಿಲ್ಲ.

ರೇಡಿಯಂ ಮತ್ತು ಎಫ್‌ಸಿ

ನಾವು ರೇಡಿಯಂ ಎಂದು ಕರೆಯುವ ಪ್ರತಿಫಲನ ಪಟ್ಟಿಗೆ ಬ್ಯಾಟರಿ ಬೇಡ, ಸ್ವಿಚ್ ಬೇಡ, ಚಾಲಕ ಎಚ್ಚರ ಇರಬೇಕೆಂದೂ ಇಲ್ಲ. ಬರುವ ಕಾರಿನ ಬೆಳಕನ್ನು ಆ ಕಾರಿನ ಕಡೆಗೇ ತಿರುಗಿಸುತ್ತದೆ. ಒಳ್ಳೆಯ ಪಟ್ಟಿ ನೂರಾರು ಮೀಟರ್ ದೂರಕ್ಕೆ ಹೊಳೆಯುತ್ತದೆ. ಡಿಮ್ ಲೈಟಿನ 60 ಮೀಟರಿನ ಮಿತಿಯನ್ನು ಮುರಿಯುವ ಅತಿ ಅಗ್ಗದ ಸಾಧನ ಇದು. ಮೋಟಾರು ವಾಹನ ನಿಯಮ 104 ಮತ್ತು ವಾಹನೋದ್ಯಮದ ಎಐಎಸ್ 090 ಮಾನಕದ ಪ್ರಕಾರ ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಪಟ್ಟಿಯ ಅಗಲ 50 ಮಿ.ಮೀ. ಹಿಂಬದಿಯ ಪೂರ್ತಿ ಅಗಲಕ್ಕೆ ಅದು ಹರಡಿರಬೇಕು, ಏಕೆಂದರೆ ನೋಡುವವನಿಗೆ ಬೇಕಾದದ್ದು ಚುಕ್ಕೆಯಲ್ಲ, ಲಾರಿಯ ಆಕಾರ. ಆಕಾರ ಕಂಡರೆ ಮಾತ್ರ ಅದು ಬೆಳೆಯುತ್ತಿರುವುದು ಕಾಣುತ್ತದೆ.

ತಪ್ಪುವುದು ಸಣ್ಣಸಣ್ಣ ಕಡೆಗಳಲ್ಲಿ. ನಕಲಿ ಪಟ್ಟಿ ಹಗಲಲ್ಲಿ ಅಸಲಿನಷ್ಟೇ ಕೆಂಪಗೆ ಕಾಣುತ್ತದೆ, ರಾತ್ರಿ ಮಂಕು. ಪರೀಕ್ಷಿಸುವುದು ಸುಲಭ: ಕತ್ತಲಲ್ಲಿ ಇಪ್ಪತ್ತು ಹೆಜ್ಜೆ ದೂರ ನಿಂತು ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ನೋಡಿ. ಅಸಲಿಯಾದರೆ ದೀಪ ಹೊತ್ತಿಸಿದಂತೆ ಬೆಳಗುತ್ತದೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಈ ಪರೀಕ್ಷೆ ನಡೆಯುವುದಿಲ್ಲ, ಬೆಳಕು ಬಂದ ದಾರಿಗೇ ಮರಳುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಇನ್ನು, ಪಟ್ಟಿಯನ್ನು ಹಿಂಬಾಗಿಲಿನ ಹಲಗೆಗೆ ಹಚ್ಚಿ, ಉದ್ದದ ಲೋಡಿಗಾಗಿ ಆ ಹಲಗೆಯನ್ನೇ ಕೆಳಗೆ ಇಳಿಬಿಟ್ಟರೆ ಪಟ್ಟಿ ನೆಲ ನೋಡುತ್ತಿರುತ್ತದೆ. ಟಾರ್ಪಾಲಿನ ತುದಿ ಇಳಿಬಿದ್ದು ಮುಚ್ಚುತ್ತದೆ. ಕೆಸರು, ಸಿಮೆಂಟು ಧೂಳು, ಹೊಗೆಯ ಮಸಿ ಕೂತರೆ ಹೊಳಪು ಸತ್ತಂತೆ. ಪ್ರತಿ ಸಂಜೆ ದೀಪ ಹಾಕುವ ಮೊದಲು ಕ್ಲೀನರ್ ಒದ್ದೆ ಬಟ್ಟೆಯಲ್ಲಿ ಹಿಂದಿನ ದೀಪ, ಪಟ್ಟಿ ಎರಡನ್ನೂ ಒರೆಸಲು ಎರಡು ನಿಮಿಷ ಸಾಕು. ಮುಂದಿನ ಗಾಜನ್ನು ದಿನಕ್ಕೆ ಮೂರು ಸಲ ಒರೆಸುವ ಕೈ ಹಿಂದಕ್ಕೂ ಹೋಗಬೇಕು.

ವಾಣಿಜ್ಯ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ವಾಹನದ ಯೋಗ್ಯತಾ ಪ್ರಮಾಣಪತ್ರದ ತಪಾಸಣೆ, ಆಗಬೇಕು. ಅಂದರೆ ರಾಜ್ಯದ ಪ್ರತಿ ಲಾರಿಯ ಹಿಂಬದಿಯೂ ಒಂದಲ್ಲ ಒಂದು ದಿನ ಸರ್ಕಾರಿ ಕಣ್ಣಿನ ಮುಂದೆ ನಿಲ್ಲುತ್ತದೆ. ಹೊಗೆ, ಬ್ರೇಕ್ ಅಳೆಯಲು ಯಂತ್ರವಿದೆ. ಗಾರ್ಡಿನ ಎತ್ತರಕ್ಕೆ 550 ಮಿ.ಮೀ.ನ ಒಂದು ಕೋಲು ಸಾಕು. ಇಳಿಗಾಲಿನ ಬೆಸುಗೆಗೆ ಒಂದು ಸುತ್ತಿಗೆ ತಟ್ಟಿ ನೋಡಿದರೆ ಸಾಕು. ಆದರೆ ಎಫ್‌ಸಿ ದಿನ ಸರಿಯಿದ್ದದ್ದು ಮರುವಾರ ಬಿಚ್ಚಿರಬಹುದು. ಹಾಗಾಗಿ ಟೋಲ್ ಪ್ಲಾಜಾಗಳಲ್ಲಿ ರಾತ್ರಿ ನೋಡಬೇಕು. ಅಲ್ಲಿ ಪ್ರತಿ ಲಾರಿಯೂ ನಿಧಾನವಾಗುತ್ತದೆ, ಕ್ಯಾಮೆರಾ ಇದೆ, ಬೆಳಕಿದೆ. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಿಳಿಯುವ ಜೋಡಿ ಟ್ರೇಲರಿನ ಟ್ರ್ಯಾಕ್ಟರ್‌ಗಳಿಗಂತೂ ಹಿಂದೆ ದೀಪವೂ ಇರುವುದಿಲ್ಲ, ಪಟ್ಟಿಯೂ ಇರುವುದಿಲ್ಲ. ಅವು ಟೋಲಿಗೆ ಬರುವುದಿಲ್ಲ, ಕಾರ್ಖಾನೆಯ ಗೇಟಿಗೆ ಬಂದೇ ಬರುತ್ತವೆ. ತೂಕದ ಚೀಟಿ ಕೊಡುವ ಮುಂಚೆ ಅಲ್ಲೇ ಪಟ್ಟಿ ಅಂಟಿಸುವುದು ಆಗುವ ಕೆಲಸ.

ಕೆಟ್ಟು ನಿಂತಾಗ ಮೊದಲ ಹತ್ತು ನಿಮಿಷ

ಅಪಾಯದ ಸೂಚನೆ ಸಿಕ್ಕೊಡನೆ, ಎಂಜಿನ್ನಿಗೆ ಇನ್ನೂ ಉಸಿರಿರುವಾಗಲೇ, ಮುಂದಿನ ಸರ್ವಿಸ್ ರಸ್ತೆಯ ಇಳಿಕೆ ಅಥವಾ ಲೇ-ಬೈ (ವಾಹನ ನಿಲ್ಲಿಸಲು ರಸ್ತೆ ಬದಿಗೆ ಬಿಟ್ಟ ಜಾಗ) ತಲುಪಲು ನೋಡಬೇಕು. ಟೈರ್ ಸಿಡಿದಿದ್ದರೂ ಜೋಡಿಗಾಲಿಯಾದರೆ ನಿಧಾನಕ್ಕೆ ಅರ್ಧ ಕಿಲೋಮೀಟರ್ ಎಳೆಯಬಹುದು. ಹಾಳಾಗುವುದು ಒಂದು ಟೈರು. ತಿರುವಿನ ನಂತರ, ಸೇತುವೆಯ ಮೇಲೆ, ಏರಿನ ನೆತ್ತಿ ದಾಟಿದ ಕೂಡಲೇ ನಿಲ್ಲಿಸಬಾರದು, ಹಿಂದಿನವನಿಗೆ ಅದು ಕಾಣುವ ಜಾಗವೇ ಅಲ್ಲ.

ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಟುಕಬೇಕು, ಪಾರ್ಕಿಂಗ್ ಲೈಟ್ ಉರಿಯಬೇಕು. ಬ್ಯಾಟರಿ ಇಳಿದೀತೆಂದು ಇವನ್ನು ಆರಿಸಿಬಿಡುವುದೇ ದೊಡ್ಡ ತಪ್ಪು. ಲೆಕ್ಕ ಹಾಕಿ ನೋಡಿ: 21 ವಾಟ್‌ನ ನಾಲ್ಕು ಬಲ್ಬು ಅರ್ಧ ಹೊತ್ತು ಮಾತ್ರ ಉರಿಯುವುದರಿಂದ ಮಿಟುಕಲು ತಗಲುವುದು ಸುಮಾರು 40–50 ವಾಟ್. 24 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿ ಜೋಡಿಯಲ್ಲಿ 2,400 ವಾಟ್-ಗಂಟೆ ಇದೆ. ಬ್ಯಾಟರಿ ಅರ್ಧಕ್ಕೆ ಇಳಿದಿದ್ದರೂ ಇಡೀ ರಾತ್ರಿ ಮಿಟುಕುತ್ತದೆ.

ಅಪಾಯ ಸೂಚಿಸುವ ಕೆಂಪು ತ್ರಿಕೋನವನ್ನು ಲಾರಿಯ ಹಿಂದೆ ಹತ್ತು ಹೆಜ್ಜೆಗೆ ಇಟ್ಟರೆ ಅದು ಇಟ್ಟಂತೆ ಅಲ್ಲ. 50 ಮೀಟರಿಗೆ ಇಟ್ಟರೂ 100ರ ವೇಗದವನಿಗೆ ತ್ರಿಕೋನದಿಂದ ಲಾರಿಗೆ 1.8 ಸೆಕೆಂಡ್. ನಿಲ್ಲಲು ಬೇಕಾದದ್ದು 180 ಮೀಟರ್ ಎಂದ ಮೇಲೆ ತ್ರಿಕೋನವೂ ಅಷ್ಟು ದೂರ ಹೋಗಬೇಕು, ಸುಮಾರು 240 ಹೆಜ್ಜೆ. ಹೆದ್ದಾರಿಯ ಬದಿಯಲ್ಲಿ 200 ಮೀಟರಿಗೊಂದು ಚಿಕ್ಕ ಕಲ್ಲು ನೆಟ್ಟಿರುತ್ತಾರೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಇರುವ ದೂರವೇ ತ್ರಿಕೋನದ ದೂರ ಎಂದು ನೆನಪಿಟ್ಟರೆ ಅಳೆಯುವ ಕಷ್ಟವಿಲ್ಲ. ಡಾಂಬರಿನಿಂದ ಹೊರಗೆ, ಬರುವ ವಾಹನಗಳಿಗೆ ಮುಖಮಾಡಿ, ತ್ರಿಕೋನವನ್ನು ಎದೆಯ ಮುಂದೆ ಹಿಡಿದೇ ನಡೆಯಬೇಕು. ಎರಡನೆಯದಿದ್ದರೆ ಅರ್ಧದಾರಿಯಲ್ಲಿ ಇಡಿ. ತ್ರಿಕೋನ ಇಲ್ಲವೆಂದು ಕಲ್ಲು, ಮರದ ಕೊಂಬೆ ಇಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕೊಂಬೆ ಹಗಲಿಗೆ ಆದೀತು. ಕಲ್ಲು ರಾತ್ರಿ ಕಾಣುವುದಿಲ್ಲ, ಬೈಕಿನವನನ್ನು ಕೊಲ್ಲುತ್ತದೆ. ಲಾರಿ ರಿಪೇರಿಯಾಗಿ ಹೊರಟ ಮೇಲೂ ಅಲ್ಲೇ ಬಿದ್ದಿರುತ್ತದೆ. ಬಲಗಡೆಯ ಗಾಲಿ ಬಿಚ್ಚುವಾಗ, ಜಾಕಿ ಹಾಕುವಾಗ ಕ್ಲೀನರ್ ಪಥದೊಳಗೇ ಬಗ್ಗಿ ಕೂತಿರುತ್ತಾನೆ. ಗಸ್ತು ವಾಹನ ಬಂದು ಹಿಂದೆ ದೀಪ ಮಿಟುಕಿಸಿ ನಿಲ್ಲುವ ತನಕ ಆ ಕೆಲಸಕ್ಕೆ ಕೈ ಹಾಕದಿರುವುದೇ ಸರಿ.

ಕಾನೂನಿನ ಕಡೆಯಿಂದ, ಅಪಾಯವಾಗುವಂತೆ ವಾಹನ ಬಿಟ್ಟುಹೋಗುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122 ತಡೆಯುತ್ತದೆ. ಬಿಟ್ಟುಹೋದ ವಾಹನವನ್ನು ಎಳೆದೊಯ್ಯುವ ಅಧಿಕಾರ ಸೆಕ್ಷನ್ 127ರಲ್ಲಿದೆ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಲಾರಿ ಮಾಲೀಕರು ನಿಶ್ಚಿಂತರಾಗಿರುವಂತಿಲ್ಲ. ದೀಪ, ಸೂಚನೆ ಏನೂ ಇಲ್ಲದೆ ಹೆದ್ದಾರಿಯಲ್ಲಿ ಬಿಟ್ಟ ಟ್ರೇಲರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ, ಕರ್ನಾಟಕ ಹೈಕೋರ್ಟಿನಿಂದ ಬಂದ ಮೇಲ್ಮನವಿಯ ಮೇಲೆ 2024ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಹೊಣೆ ಟ್ರೇಲರಿನ ಕಡೆಯದು ಎಂದಿತು. ಕಾರಿನ ಚಾಲಕನ ತಪ್ಪಿದ್ದರೂ ಅದನ್ನು ಒಳಗೆ ಕೂತಿದ್ದ ಪ್ರಯಾಣಿಕರ ಮೇಲೆ ಹೊರಿಸಿ ಪರಿಹಾರ ಕಡಿತ ಮಾಡುವಂತಿಲ್ಲ ಎಂಬುದೂ ಅಲ್ಲಿ ಸ್ಪಷ್ಟವಾಯಿತು.

ಟೆಂಪೊ ಟ್ರಾವೆಲರ್ ಬಾಡಿಗೆಗೆ ಹಿಡಿಯುವಾಗ

ಧರ್ಮಸ್ಥಳ, ಮಂತ್ರಾಲಯ, ಸವದತ್ತಿ, ತಿರುಪತಿ: ನಮ್ಮ ಊರುಗಳಿಂದ ಈ ವಾಹನದಲ್ಲಿ ಹೊರಡುವ ಪ್ರಯಾಣಗಳ ಲೆಕ್ಕ ಸಾಮಾನ್ಯವಾಗಿ ಒಂದೇ. ರಾತ್ರಿ ಹೊರಟು ಬೆಳಗ್ಗೆ ದರ್ಶನ, ಹಗಲೆಲ್ಲ ಸುತ್ತಾಟ, ಮತ್ತೆ ರಾತ್ರಿ ವಾಪಸ್. ಲಾಡ್ಜ್ ಖರ್ಚು ಉಳಿಯುತ್ತದೆ. ಜನ ಸೀಟಿನಲ್ಲಿ ಮಲಗುತ್ತಾರೆ. ಚಾಲಕ ಎರಡನೆಯ ರಾತ್ರಿಯೂ ಎಚ್ಚರ ಇರಬೇಕು. ಹಗಲು ನೀವು ಸರದಿಯಲ್ಲಿ ನಿಂತಾಗ ಆತ ಪಾರ್ಕಿಂಗಿನ ಬಿಸಿಲಲ್ಲಿ ತೂಕಡಿಸಿದ್ದು ನಿದ್ದೆಯ ಲೆಕ್ಕಕ್ಕೆ ಬರುವುದಿಲ್ಲ. ನಸುಕಿನ ಎರಡರಿಂದ ಐದರ ನಡುವೆ ದೇಹ ತಾನಾಗಿ ಕುಸಿಯುತ್ತದೆ. 90ರ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ವಾಹನ 75 ಮೀಟರ್ ಯಾರೂ ಇಲ್ಲದಂತೆ ಓಡಿರುತ್ತದೆ. ಎರಡನೆಯ ಚಾಲಕನಿಗೆ ಕೊಡುವ ಬತ್ತೆ, ಅಥವಾ ಒಂದು ಕೋಣೆಯ ಬಾಡಿಗೆ, 13 ಜನಕ್ಕೆ ಹಂಚಿದರೆ ಒಬ್ಬರಿಗೆ ಒಂದು ಊಟದಷ್ಟು ಬೀಳುತ್ತದೆ.

ವಾಹನ ಮನೆ ಮುಂದೆ ಬಂದಾಗ ಪ್ರತಿ ಸೀಟಿಗೂ ಬೆಲ್ಟ್ ಇದೆಯೇ, ಕೊಂಡಿ ಹಿಡಿಯುತ್ತದೆಯೇ ನೋಡಿ. ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ. ಬುಡ ಕದಲಿದರೆ ಡಿಕ್ಕಿಯಲ್ಲಿ ಆ ಸಾಲು ಬೋಲ್ಟ್ ಕಿತ್ತು ಮುಂದಿನ ಸಾಲಿನ ಮೇಲೆ ಬೀಳುತ್ತದೆ. ನಡುದಾರಿಯಲ್ಲಿ ಇಟ್ಟ ಹೆಚ್ಚುವರಿ ಸ್ಟೂಲು, ಚಾಲಕನ ಪಕ್ಕದ ಎಂಜಿನ್ ದಿಬ್ಬದ ಮೇಲೆ ಕೂರುವುದು ಬೇಡವೇ ಬೇಡ. ಈ ವಾಹನದ ಮೂತಿ ಗಿಡ್ಡ; ಮುಂದೆ ಕುಸಿಯಲು ಇರುವ ಜಾಗ ಕಾರಿಗಿಂತ ಕಡಿಮೆ.

ಓಡಿಸುವವರಿಗೆ ಒಂದು ಮಾತು: ಎದುರು ಬೆಳಕು ಇಲ್ಲದಾಗ ಹೈಬೀಮ್ ಹಾಕಿ, ಡಿಮ್‌ನಲ್ಲಿದ್ದಾಗ 70–80ಕ್ಕೆ ಇಳಿಸಿ. ಮಂಜಿನಲ್ಲಿ ಹೈಬೀಮ್ ಮಂಜಿಗೇ ತಾಗಿ ಮರಳುತ್ತದೆ; ಕಾಣುವುದು 30 ಮೀಟರ್ ಎಂದರೆ ಗಂಟೆಗೆ 40 ಕಿ.ಮೀ. ದಾಟಬಾರದು. ಅದೂ ಆಗದಿದ್ದರೆ ಹೆದ್ದಾರಿ ಬಿಟ್ಟು ಪೆಟ್ರೋಲ್ ಬಂಕಿನೊಳಗೆ ನಿಲ್ಲಿ, ರಸ್ತೆಯಂಚಿನಲ್ಲಿ ಅಲ್ಲ. ಎಡದಿಂದ ಲಾರಿ ದಾಟುವಾಗ ಎಡಪಥ ಕನಿಷ್ಠ 200 ಮೀಟರ್ ಖಾಲಿ ಕಾಣುತ್ತಿದ್ದರೆ ಮಾತ್ರ ನುಗ್ಗಿ. ಮುಂದೆ ಕೆಂಪು ಚುಕ್ಕೆಗಳು ಕಂಡು, ಅವು ಓಡುತ್ತಿವೆಯೋ ನಿಂತಿವೆಯೋ ತಿಳಿಯದಿದ್ದರೆ ಮೊದಲು ಆ್ಯಕ್ಸಿಲರೇಟರ್ ಬಿಡಿ. ಎರಡು ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ.

ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಲಾರಿ ಕಂಡು ತಪ್ಪಿಸಿಕೊಂಡು ಮುಂದೆ ಹೋದಿರಾದರೆ 1033ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ. ‘ಶಿರಾ ದಾಟಿ ಸ್ವಲ್ಪ ಮುಂದೆ’ ಎಂದರೆ ಗಸ್ತಿನವರು ಹುಡುಕುತ್ತಲೇ ಇರುತ್ತಾರೆ. ಮುಂದೆ ಸಿಗುವ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ, ಅದಕ್ಕಿಂತ ಎಷ್ಟು ಹಿಂದೆ ಎಂದು ಅಂದಾಜಿಸಿ, ಮೂರು ವಿಷಯ ಹೇಳಿ: ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಹೋಗುವ ರಸ್ತೆ, ಲಾರಿ ಯಾವ ಪಥದಲ್ಲಿದೆ. ಎರಡೂ ದಿಕ್ಕಿನ ರಸ್ತೆಗೆ ಕಲ್ಲಿನ ಸಂಖ್ಯೆ ಒಂದೇ ಆಗಿರುವುದರಿಂದ ದಿಕ್ಕು ಹೇಳದಿದ್ದರೆ ಕ್ರೇನ್ ಮೀಡಿಯನ್ನಿನ ಆಚೆ ಬದಿಗೆ ಬಂದು ನಿಲ್ಲುತ್ತದೆ, ಮುಂದಿನ ತಿರುವಿಗೆ ಹೋಗಿ ಮರಳಲು ಇನ್ನೊಂದು ಹದಿನೈದು ನಿಮಿಷ ಹೋಗುತ್ತದೆ.